ಅತ್ತೆಗೆ ಯಾರು ಜೋಡಿ

ಯಾರ ಮನೆಗೆ ಹೋದರೂ ನಮ್ಮತ್ತೆ ಗೌರಮ್ಮ ಕೂಡುವ ಮೊದಲು ಕೇಳುತ್ತಿದ್ದದ್ದು ಒಂದೇ: "ಹಿತ್ಲ ಬಾಗ್ಲು ಎಲ್ಲೈತ್ರಿ?" ಮದುವೆ ಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ. ಬೆಂಕಿಯೋ ನೀರೋ ಬಂದರೆ ಯಾವ ಕಡೆಯಿಂದ ಓಡುವುದೆಂದು ತಿಳಿಯದೆ ಅವರಿಗೆ ಕುರ್ಚಿ ಸೇರುತ್ತಿರಲಿಲ್ಲ.

ನನ್ನನ್ನು ನೋಡಲು ಆನೆಕೊಂಡದ ನಮ್ಮ ಮನೆಗೆ ಬಂದ ದಿನವೂ ಅದೇ ಆಯಿತು. ಹಿತ್ತಲ ಬಾಗಿಲಿಗೆ ಅಪ್ಪ ಮೆಕ್ಕೆಜೋಳದ ಚೀಲ ಒಟ್ಟಿದ್ದರು. ಅತ್ತೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟರು. "ಬೀಗರಾಗೋದು ಆಮ್ಯಾಲೆ. ಮೊದ್ಲು ಆ ಚೀಲ ಸರಸ್ರಿ." ಇಸ್ತ್ರಿ ಮಾಡಿದ ಬಿಳಿ ಪಂಚೆ ಮೇಲೆ ಕಟ್ಟಿ ಅಪ್ಪನೂ ಅಣ್ಣನೂ ಚೀಲ ಹೊತ್ತರು. ರೇಷ್ಮೆ ಸೀರೆಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅಮ್ಮ ಚಿವುಟಿದರು. ಆ ನಗು ಕೇಳಿಯೇ ಅತ್ತೆ ನನ್ನನ್ನು ಒಪ್ಪಿದ್ದಂತೆ.

ಅವರ ಮನೆ ಇದ್ದದ್ದು ಹರಿಹರದಲ್ಲಿ, ಹೊಳೆಗೆ ಹತ್ತಿರದ ಓಣಿಯಲ್ಲಿ. ಮದುವೆಯಾಗಿ ಹೋದ ವಾರವೇ ಕಣ್ಣು ಮುಚ್ಚಿಕೊಂಡು ಗ್ಯಾಸ್ ಬಂದ್ ಮಾಡುವುದನ್ನು, ಗೋಡೆ ಸವರಿ ಮೇನ್ ಸ್ವಿಚ್ ಹುಡುಕುವುದನ್ನು ಕಲಿಸಿದರು. ಆಪತ್ತಿಗೆಂದು ಒಂದು ಡಬ್ಬಿ ಮಂಡಕ್ಕಿ, ಪುಟಾಣಿ, ಬೆಲ್ಲ ಅಟ್ಟದ ಮೇಲೆ ಸದಾ ಇರುತ್ತಿತ್ತು; ಇರಬೇಕಿತ್ತು. ಸಂಜೆ ಯಾರಾದರೂ ಮಿರ್ಚಿ ತಂದರೆಂದರೆ ನಮ್ಮ ಯಜಮಾನರು ಮೆಲ್ಲಗೆ ಅಟ್ಟ ಹತ್ತುತ್ತಿದ್ದರು. "ಮಿರ್ಚಿ ಬಂದ್ರ ಅದೂ ಆಪತ್ತೇನಪ್ಪ?" ಎಂದು ಬೈಯುತ್ತಲೇ ಅತ್ತೆ ಮರುದಿನ ಡಬ್ಬಿ ತುಂಬಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಜೋಡಿ ಹಚ್ಚುವುದು. ಹೊಳೆ ಬಂದರೆ ಯಾರೂ ಟೀವಿ, ಪಾತ್ರೆ ಎನ್ನುತ್ತ ಓಡಬಾರದು; ತನ್ನ ಜೋಡಿಯ ಕೈ ಹಿಡಿದು ಹೊರಗೆ ಬರಬೇಕು. ಲಕ್ವ ಹೊಡೆದು ಕೋಲು ಹಿಡಿದಿದ್ದ ಮಾವನಿಗೆ ಮಗ ಜೋಡಿ, ನಮ್ಮ ಪುಟ್ಟ ಮಗಳು ಚೈತ್ರಾಗೆ ನಾನು ಜೋಡಿ. ಓಣಿಯವರು ನಗುತ್ತಿದ್ದರು. "ಇಷ್ಟು ವರ್ಷದಾಗ ಏನಾತು ಗೌರಮ್ಮ?" ಎಂದರೆ, "ಆಗಿಲ್ಲ ಅಂದ್ರ ಇನ್ನೂ ಬಾಕಿ ಐತೆ ಅಂತ" ಎಂದು ಇವರು ಉತ್ತರ ಕೊಡುತ್ತಿದ್ದರು.

ಬಾಕಿ ಇದ್ದದ್ದು ಒಂದು ಸಂಜೆ ಬಂದೇ ಬಂತು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದಾರೆಂದು ಆಟೋದಲ್ಲಿ ಕೂಗಿಕೊಂಡು ಹೋದರು. ಪಕ್ಕದ ಮನೆಯವರು ಫ್ರಿಜ್ ಎತ್ತಲು ಒದ್ದಾಡುತ್ತಿರುವಾಗ ನಾವು ಕೈ ಕೈ ಹಿಡಿದು ದಿಬ್ಬದ ಮೇಲಿನ ಶಾಲೆ ಸೇರಿಬಿಟ್ಟಿದ್ದೆವು. ಉಸಿರು ಬಿಟ್ಟು ತಿರುಗಿ ನೋಡಿದರೆ ಅತ್ತೆಯೇ ಇಲ್ಲ. ಓಣಿಯ ಒಂದೊಂದೇ ಬಾಗಿಲು ಬಡಿದು, ಎಲ್ಲರನ್ನೂ ಮುಂದೆ ಬಿಟ್ಟುಕೊಂಡು, ಮೊಣಕಾಲು ನೀರಿನಲ್ಲಿ ಕೊನೆಯವರಾಗಿ ಬಂದರು. ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು.

"ಎಲ್ರಿಗೂ ಜೋಡಿ ಹಚ್ಚಿದ್ರಿ, ನಿಮಗ ಯಾರ್ರಿ ಅತ್ತಿ?"

"ನನಗ್ಯಾಕವ್ವ? ಕಾಲು ಗಟ್ಟಿ ಅದಾವು."

"ನಾನಿರ್ತೀನಿ."

"ನಿನಗ ಮಗು ಐತೆ, ಸುಮ್ನಿರು" ಎಂದು ಸೀರೆ ಹಿಂಡಿಕೊಂಡರು.

ಮಾವ ತೀರಿಕೊಂಡ ಮರುವರ್ಷ ಬಚ್ಚಲಲ್ಲಿ ಜಾರಿ ಅತ್ತೆಯ ಸೊಂಟ ಮುರಿಯಿತು. ಅಲ್ಲಿಂದ ಮಂಚವೇ ಗತಿ. ಮಳೆಗಾಲದಲ್ಲಿ ಮತ್ತೆ ಹೊಳೆ ಏರುವ ಸುದ್ದಿ ಬಂದಾಗ ನನ್ನನ್ನು ಕರೆದು ಕೂಡ್ರಿಸಿಕೊಂಡರು. "ನೀರು ಬಂದ್ರ ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಮಗೀನ ಕರ್ಕೊಂಡು ನೀವು ನಡೀರಿ." ಹಾಲು ಉಕ್ಕುತ್ತದೆ, ಒಲೆ ಸಣ್ಣ ಮಾಡು ಎನ್ನುವ ದನಿಯಲ್ಲೇ ಹೇಳಿದರು. ಅವರ ಎದುರು ನಾನು ದನಿ ಎತ್ತಿದ್ದು ಅದೊಂದೇ ಸಲ. "ಅದೆಂಗಾಗ್ತೈತ್ರಿ? ಆಗಂಗಿಲ್ಲ."

ನೀರು ಬರುವ ಮೊದಲೇ ಒಮ್ಮೆ ಹೊತ್ತು ನೋಡೋಣವೆಂದು ಯಜಮಾನರನ್ನು ಕರೆದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆಯನ್ನು ಕೂಡ್ರಿಸಿ, ಸೊಂಟಕ್ಕೆ ಹಳೆ ಸೀರೆ ಸುತ್ತಿ, ಮುಂದೆ ಅವರು, ಹಿಂದೆ ನಾನು ಹಿಡಿದು ಎತ್ತಿದೆವು. ಅಷ್ಟು ದೊಡ್ಡ ದನಿಯ ಹೆಂಗಸು ಇಷ್ಟು ಹಗುರವೇ ಎನ್ನಿಸಿತು. ಮೊದಲ ಸಲ ಹೊಸ್ತಿಲು ಎಡವಿದೆವು. "ಹೆಣ ಹೊರೋರೂ ಇದಕ್ಕಿಂತ ಚಲೋ ಹೊರ್ತಾರ, ನೆಲ ನೋಡಿ ನಡೀರಿ" ಎಂದು ಕುರ್ಚಿಯಲ್ಲಿ ಕುಳಿತೇ ಗದರಿದರು. ಮತ್ತೆ ಮತ್ತೆ ಎತ್ತಿ, ಇಳಿಸಿ, ಕೊನೆಗೆ ಮನೆ ಮುಂದಿನ ಕಟ್ಟೆಯವರೆಗೆ ಸಲೀಸಾಗಿ ತಂದೆವು. ಅತ್ತೆ ಕೈ ಹಿಂದೆ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಆತು ಬಿಡವ್ವ. ನನ್ನ ಜೋಡಿ ನೀನ."

"ಏನಾದ್ರೂ ಆದ್ರ ಕೂಗ್ತೀರಿಲ್ಲ?"

"ಕೂಗ್ತೀನಿ."

ಆ ವರ್ಷ ಹೊಳೆ ನಮ್ಮ ಓಣಿಗೆ ಬರಲಿಲ್ಲ. ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದರೆ ಅತ್ತೆಯ ಮೈ ತಣ್ಣಗಾಗಿತ್ತು. ಪಕ್ಕದ ಕೋಣೆಯಲ್ಲೇ ಮಲಗಿದ್ದೆ, ನಡುವಿನ ಬಾಗಿಲು ತೆರೆದೇ ಇತ್ತು. ಮಣ್ಣಿಗೆ ಬಂದವರೆಲ್ಲ ಪುಣ್ಯವಂತೆ, ಯಾರಿಗೂ ತೊಂದರೆ ಕೊಡದೆ ಹೋದಳು ಎಂದರು. ನಾನು ತಲೆಯಾಡಿಸಿದೆ. ಒಳಗೆ ಮಾತ್ರ ತಡೆಯಲಾರದ ಸಿಟ್ಟು, ಅದು ಇನ್ನೂ ಇಳಿದಿಲ್ಲ. ಕೂಗುತ್ತೇನೆ ಎಂದಿದ್ದರು.