ಸಿನಿಮಾ ನೋಡುತ್ತ ಸಿಕ್ಕಿಬಿದ್ದ ಅಪ್ಪ

ಗೆಳೆಯರೇ, ನಗಲೆಂದು ಸಿನಿಮಾಕ್ಕೆ ಹೋಗಿ ಇವತ್ತು ನಾನೇ ಸಿಕ್ಕಿಬಿದ್ದೆ. ಎಂಟು ವರ್ಷದ ಮಗಳು ಸಿಂಚನಾಳನ್ನು ದೇವದುರ್ಗದಿಂದ ರಾಯಚೂರಿಗೆ ಕರೆದೊಯ್ದಿದ್ದೆ. ಒಂದು ಮಗು, ಅದರ ನಾಯಿ, ಹೊಟ್ಟೆತುಂಬ ನಗು ಎಂದು ಕೇಳಿದ್ದೆ. ಪರದೆಯ ಮೇಲಿನ ಅಪ್ಪ ನಾಯಿಯನ್ನು ಗುಟ್ಟಾಗಿ ದೂರ ಬಿಟ್ಟು ಬಂದು, ಮಗನಿಗೆ ಏನೋ ಕತೆ ಕಟ್ಟಿದ. ಜನ ಬಿದ್ದು ಬಿದ್ದು ನಕ್ಕರು. ಸಿಂಚನಾ ನಗಲಿಲ್ಲ.

"ಯಪ್ಪಾ, ನಮ್ಮ ರಾಜಾ ಖರೇನ ಕಲ್ಲೂರಾಗ ಅಜ್ಜನ ಮನ್ಯಾಗ ಅದಾನೇನು?"

ರಾಜಾ ನಮ್ಮ ನಾಯಿ. ಬಾಡಿಗೆ ಮನೆಯ ಮಾಲೀಕರು ನಾಯಿ ಬೇಡವೆಂದಾಗ, ಎರಡು ತಿಂಗಳ ಹಿಂದೆ ಅದನ್ನು ಗಬ್ಬೂರಿನ ಬಸ್ ನಿಲ್ದಾಣದಲ್ಲಿ ಬಿಟ್ಟವನು ನಾನು.

"ಇಲ್ಲವ್ವಾ, ಸುಳ್ಳು ಹೇಳಿದ್ದೆ" ಎಂದೆ.

ಅವಳು ಅಳಲಿಲ್ಲ, ಎದ್ದು ನಿಂತಳು. ಸಿನಿಮಾ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆವು.

ಗಬ್ಬೂರಿನಲ್ಲಿ ಇಳಿದಾಗ ರಾಜಾ ಚಹಾದಂಗಡಿಯ ಬೆಂಚಿನ ಕೆಳಗೆ ಮಲಗಿತ್ತು. ಮಗಳು ಕೂಗಿದ್ದೇ ತಡ ಓಡಿ ಬಂತು. ನನ್ನ ಕೈಯನ್ನೂ ನೆಕ್ಕಿತು. ಗುರ್ರೆಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅಂಗಡಿಯ ಮುದುಕಿ ಒಲೆ ಬಿಟ್ಟು ಬಂದಳು. "ನಮ್ಮ ಕೆಂಚ್ಯಾನ್ನ ಯಾಕ ಹಿಡ್ಕೊಂಡೀರಿ?"

"ಯವ್ವಾ, ಇದು ನಮ್ಮ ನಾಯಿ" ಎಂದಳು ಸಿಂಚನಾ.

"ನಿಮ್ದಾಗಿದ್ರ ಇಲ್ಲಿ ಯಾರು ಬಿಟ್ಟು ಹೋದ್ರವ್ವಾ?"

ಸಿಂಚನಾ ನನ್ನತ್ತ ಬೆರಳು ತೋರಿಸಿದಳು. ನಾಯಿ ಸಾಕುವಂಥ ಮನೆ ನಮಗಿನ್ನೂ ಸಿಕ್ಕಿಲ್ಲವೆಂದು ನಾನೇ ಹೇಳಬೇಕಾಯಿತು.

ರಾಜಾನನ್ನು ಅಲ್ಲೇ ಬಿಟ್ಟು ಹೊರಡುವಾಗ ಮಗಳು ಮುದುಕಿಯನ್ನು ಕೇಳಿದಳು, "ಐತವಾರ ನೋಡಾಕ ಬರ್ಲೇನು?"

"ನೀ ಬಾರವ್ವಾ. ನಿಮ್ಮಪ್ಪ ಬಸ್ಸಿನ್ಯಾಗ ಕುಂತಿರ್ಲಿ."

ಸದ್ಯ, ಮುದುಕಿ ನನ್ನನ್ನು ಇಷ್ಟಕ್ಕೇ ಬಿಟ್ಟಳಲ್ಲ ಎಂದುಕೊಂಡೆ.