ಕೇದಾರ ಘಾಟಿನಲ್ಲಿ ಅಳಿಸುವ ಕೆಲಸ

ಬೆಳಗಿನ ಐದೂ ಕಾಲು. ಕೇದಾರ ಘಾಟಿನ ಮೇಲಿನ ಮೆಟ್ಟಿಲಲ್ಲಿ ಪ್ರಿಯಂವದಾ ತಲೆಗೆ ಸೆರಗು ಹೊದ್ದು, ಮೊಣಕಾಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಿದ್ದಾರೆ. ಗಂಗೆ ಕೆಳಗಿನ ಹದಿನಾಲ್ಕು ಮೆಟ್ಟಿಲು ನುಂಗಿದ್ದಾಳೆ. ದೋಣಿಗೆ ಹಗ್ಗ ಬಿಗಿಯುತ್ತಿದ್ದ ನಾವಿಕ ಕೂಗುತ್ತಾನೆ, "ದೀದಿ, ಆಜ್ ಕಿತ್ನೇ ಮಿಟಾಯೇ?" ಎಷ್ಟು ಅಳಿಸಿದಿರಿ ಅಂತ. ಈಕೆ ತಲೆ ಎತ್ತದೆ, "ಗ್ಯಾರಾ!" ಹನ್ನೊಂದು. "ಮೇರೀ ಶಾದೀ ಕಾ ಫೋಟೋ ಭೀ ಮಿಟಾ ದೋ!" ಮದುವೆ ಫೋಟೋ ಅಳಿಸಬೇಕಂತೆ! ಘಾಟಿನಲ್ಲಿದ್ದವರೆಲ್ಲ ನಗುತ್ತಾರೆ.

ಪ್ರಿಯಂವದಾ 'ಘಾಟ್ ಸುದ್ದಿ' ಎಂಬ ಆ್ಯಪ್ ನಡೆಸುತ್ತಾರೆ, ಒಬ್ಬರೇ. ಕಾಶಿಗೆ ಬಂದ ಕನ್ನಡಿಗರು ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕುವ ಮಾತು, ಚಿತ್ರಗಳನ್ನು ಅದು ಘಾಟಿನ ಪ್ರಕಾರ ಜೋಡಿಸಿ ತೋರಿಸುತ್ತದೆ. ಹರಿಶ್ಚಂದ್ರ ಘಾಟಿನ ಮೆಟ್ಟಿಲು ಮುಳುಗಿದೆಯೇ, ದಶಾಶ್ವಮೇಧದಲ್ಲಿ ದೋಣಿ ನಿಂತಿದೆಯೇ, ಎಲ್ಲ ಅಲ್ಲಿ ತಿಳಿಯುತ್ತದೆ. ದಿನಕ್ಕೆ ಮುನ್ನೂರರ ಆಸುಪಾಸು ಬರಹ, ಒಂಬತ್ತು ಸಾವಿರ ಬಳಕೆದಾರರು.

ವಿಜಯಪುರದಿಂದ ಇಲ್ಲಿನ ಕನ್ನಡ ಪುರೋಹಿತರ ಮನೆಗೆ ಸೊಸೆಯಾಗಿ ಬಂದವರು. ಘಾಟುಗಳು ಬಿಕೋ ಎನ್ನುತ್ತಿದ್ದ ಲಾಕ್‌ಡೌನಿನಲ್ಲಿ ವಿಡಿಯೊ ನೋಡಿ ನೋಡಿ ಪ್ರೋಗ್ರಾಮ್ ಬರೆಯಲು ಕಲಿತರು. "ಮುಂದ ಒಂದು ಶ್ರಾವಣದಾಗ ಬಾಗಲಕೋಟಿಯವರು ಅಸ್ಥಿ ಹಿಡ್ಕೊಂಡು ಬಂದ್ರು. ಮುಳುಗಿದ ಘಾಟಿಗೆ ಹೋಗಿ ಮೂರು ತಾಸು ನಿಂತ್ರು. ಸಂಗಟ ಎಂಬತ್ತರ ಮುದುಕಿ. ಅವತ್ತೇ ಈ ಆ್ಯಪ್ ಬರಿಯಾಕ ಕೂತೆ ನೋಡ್ರಿ," ಎನ್ನುತ್ತಾರೆ.

ಜನರ ಬರಹ ತಂದುಕೊಳ್ಳಲು ಜಾಲತಾಣದ ಕಂಪನಿ ಒಂದು ಕೀಲಿ ಕೊಟ್ಟಿದೆ. ಕೀಲಿಯೆಂದರೆ ಉದ್ದನೆಯ ಗುಪ್ತಸಂಖ್ಯೆ. ಜೊತೆಗೆ ನಿಯಮಗಳೂ ಬಂದಿವೆ. ಹೇಳಿದ ಕೆಲಸಕ್ಕೆ ಮಾತ್ರ ಬಳಸಬೇಕು. ಬೇರೆ ಕಡೆ ಸೇರಿಸಬಾರದು. ಬರೆದವರು ಅಲ್ಲಿ ತೆಗೆದರೆ ಒಂದು ದಿನದೊಳಗೆ ಇಲ್ಲೂ ತೆಗೆಯಬೇಕು. ಪ್ರೋಗ್ರಾಮ್ ತಾನೇ ಅಳಿಸುತ್ತದೆ, ಆದರೆ ನೆಟ್ ಕೈಕೊಟ್ಟಾಗ ಕೆಲವು ಉಳಿದುಬಿಡುತ್ತವೆ. ಅದಕ್ಕೇ ಈ ಬೆಳಗಿನ ತಪಾಸಣೆ. "ದುಃಖದಾಗ ಏನೋ ಹಾಕಿರ್ತಾರ, ಮರುದಿನ ಬ್ಯಾಡ ಅನಸ್ತದ. ಬ್ಯಾಡ ಅನ್ನೂದು ಅವರ ಹಕ್ಕು."

ಮನೆಯೊಳಗೆ ನಿಯಮವೇ ಬೇರೆ. ಮಾವ ಶೇಷಗಿರಿ ಆಚಾರ್ಯರ ಹತ್ತಿರ ಯಾತ್ರಿಕರ ವಂಶಾವಳಿ ಬರೆದಿಡುವ ವಹಿಗಳಿವೆ. ತಲೆಮಾರುಗಳ ಹೆಸರು, ಒಂದಕ್ಕೂ ಗೀಟು ಬಿದ್ದಿಲ್ಲ. ಈ ಜುಲೈಯಲ್ಲಿ ಕೀಲಿ ನವೀಕರಣದ ಅರ್ಜಿ ಕಳಿಸಬೇಕಿದ್ದ ದಿನದ ಹಿಂದಿನ ದಿನ, ಆಚಾರ್ಯರು ಹೆಮ್ಮೆಯಿಂದ ಇನ್ನೂ ಹೊಲಿಯದ ಹಾಳೆಗಳ ಒಂದು ಕಟ್ಟು ತಂದು ಸೊಸೆಯ ಮುಂದಿಡುತ್ತಾರೆ. ಆ್ಯಪ್ ನೋಡಿ ಬರೆದುಕೊಂಡ ನಲವತ್ತಮೂರು ಮನೆತನಗಳು. ಯಾರು ತೀರಿದರು, ಯಾವ ಊರು, ಯಾವ ತಿಥಿ, ಎಲ್ಲ ಅದರಲ್ಲಿದೆ.

ಅರ್ಜಿಯ ಒಂಬತ್ತನೇ ಪ್ರಶ್ನೆ, ಮಾಹಿತಿ ಬೇರೆಲ್ಲಿಗಾದರೂ ಹೋಗಿದೆಯೇ? ಹೌದೆಂದರೆ ಕೀಲಿ ಹೋಗಬಹುದು, ಅದೂ ನೀರು ಏರುವ ಹೊತ್ತಿಗೆ.

"ಆ ಕಂಪನಿಯವರು ಕೇದಾರ ಘಾಟಿಗೆ ಬಂದು ನನ್ನ ವಹಿ ತಗದು ನೋಡ್ತಾರೇನವಾ?" ಹಾಳೆಗಳನ್ನು ತೆಗೆಯಬೇಕೆಂದು ಸೊಸೆ ಹೇಳಿದಾಗ ಮಾವ ರೇಗುತ್ತಾರೆ.

"ಅವರು ಬರೂದಿಲ್ಲ ಮಾಮಾ. ನಿಮ್ಮ ಈ ಹಾಳ್ಯಾಗ ಅಪ್ಪನ ಹೆಸರಿರೂ ಸಿಂದಗಿ ಹುಡುಗಿ ಬರ್ತಾಳ. ಅಪ್ಪನ ಬಗ್ಗೆ ಜಾಲತಾಣದಾಗ ಬರದದ್ದನ್ನ ಎರಡೇ ದಿನಕ್ಕ ತಗದಾಳ. ಆಕಿ ನಿಮ್ಮ ಮುಂದ ಕೂತು ಹೇಳಿ ಬರಸಿದ್ದಲ್ಲ ಇದು."

ಆಚಾರ್ಯರು ಎರಡು ದಿನ ಮಾತು ಬಿಡುತ್ತಾರೆ. ಅರ್ಜಿಯೂ ಎರಡು ದಿನ ಕಾಯುತ್ತದೆ. ಮೂರನೆಯ ಬೆಳಗ್ಗೆ ಆ ನಲವತ್ತಮೂರೂ ಮನೆತನಗಳ ಹಾಳೆಗಳನ್ನು ಎದೆಗವಚಿಕೊಂಡು ತಾವೇ ನದಿಗಿಳಿಯುತ್ತಾರೆ. ನನಗೆ ಅದನ್ನು ಹೇಳುವಾಗ ಅವರ ದನಿಯಲ್ಲಿ ಗತ್ತು ಒಂದಿಷ್ಟೂ ಕಡಿಮೆಯಾಗಿಲ್ಲ. "ಬರದ ಹೆಸರಿಗೆ ಗೀಟು ಹಾಕೂದು ನಮ್ಮೊಳಗಿಲ್ಲ. ವಿಸರ್ಜನೆ ಅದ. ಸಂಕಲ್ಪ ಹೇಳೇ ಬಿಟ್ಟೀನಿ." ಈಗ ಯಾತ್ರಿಕರು ಬಂದರೆ ಲೇಖನಿ ಎತ್ತುವ ಮುಂಚೆ ಕೇಳುತ್ತಾರಂತೆ, "ಬರಕೊಳ್ಳಲೇನ್ರಿ?"

ಪ್ರಿಯಂವದಾ ಒಂಬತ್ತನೇ ಪ್ರಶ್ನೆಗೆ 'ಹೌದು' ಎಂದೇ ಬರೆದರು. ಏನಾಯಿತು, ಹೇಗೆ ತೆಗೆದೆವು, ವಿಸರ್ಜನೆಯ ಸಮೇತ. ಉತ್ತರಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ನೀರು ಏರುತ್ತಲೇ ಇತ್ತು, ಯಾತ್ರಿಕರು ಬರುತ್ತಲೇ ಇದ್ದರು. ಕೊನೆಗೆ ಬಂದ ಉತ್ತರ ಒಂದೇ ಸಾಲು, ಕೀಲಿ ಇನ್ನೊಂದು ವರ್ಷ ನಿಮ್ಮದು.

ಖುಷಿಯಾಯಿತೇ ಎಂದು ಕೇಳುತ್ತೇನೆ. ಲ್ಯಾಪ್‌ಟಾಪ್ ಮುಚ್ಚುತ್ತಾರೆ.

"ಇಲ್ಲ ಅಂತ ಬರದು ಕಳಿಸಿದ್ರೂ ಕೀಲಿ ಸಿಗ್ತಿತ್ತು ಬಿಡ್ರಿ, ಯಾರು ನೋಡ್ತಿದ್ರು? ಖರೇ ಬರದು ಸಿಕ್ತು. ಅಷ್ಟು ಸಾಕು ನನಗ."