ವಿರೂಪಾಕ್ಷ ಹಾಕಿದ ಹೊಸ ಪೈಪು

1983ರ ಬೇಸಿಗೆಯ ಮಾತು. ಹಾನಗಲ್ಲಿನಲ್ಲಿ ಅಕ್ಕಿಆಲೂರು ರಸ್ತೆಗೆ ಮುಖ ಮಾಡಿದ್ದ ಒಂದು ಗ್ಯಾರೇಜಿಗೆ ಆಗ ನಾನೇ ಮಾಲೀಕ, ನಾನೇ ಮುಖ್ಯ ಮೆಕ್ಯಾನಿಕ್. ನಮ್ಮದು ಪಾಠ, ಪ್ರವಚನಗಳ ಮನೆತನ. ಹುಬ್ಬಳ್ಳಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ನಾನು ಕೈಗೆ ಗ್ರೀಸ್ ಹಚ್ಚಿಕೊಂಡಾಗ ಮನೆಯಲ್ಲಿ ಯಾರಿಗೂ ಸಂತೋಷವಾಗಿರಲಿಲ್ಲ. ಗ್ಯಾರೇಜು ತೆರೆದಾಗ ನಾವಿಬ್ಬರು ಪಾಲುದಾರರು: ನಾನು ಮತ್ತು ನನ್ನ ಸಹಪಾಠಿ ವಿರೂಪಾಕ್ಷ. ಕೆಲವು ವರ್ಷಗಳ ನಂತರ ಅವನು ಶಿಗ್ಗಾಂವಿಗೆ ಹೋಗಿ ಹೆದ್ದಾರಿಯ ಪಕ್ಕದಲ್ಲಿ ತನ್ನದೇ ಗ್ಯಾರೇಜು ಹಾಕಿದ. ಜಗಳವಾಡಿ ಹೋಗಿದ್ದರೆ ಚೆನ್ನಾಗಿತ್ತು. ನಗುನಗುತ್ತ ಹೋದ.

ಒಂದೇ ಕಾಲೇಜು, ಒಂದೇ ವಿದ್ಯೆ. ಆದರೂ ಅಕ್ಕಿಆಲೂರಿನ ಅಕ್ಕಿ ಗಿರಣಿಗಳ ಲಾರಿಗಳು ನನ್ನ ಬಾಗಿಲ ಮುಂದೆಯೇ ಹಾರ್ನ್ ಹೊಡೆದುಕೊಂಡು ಅವನ ಕಡೆ ಹೋಗುತ್ತಿದ್ದವು. ಶಿಗ್ಗಾಂವಿನಿಂದ ಯಾರೇ ಬರಲಿ, ಅವನ ಗ್ಯಾರೇಜಿನ ಮುಂದೆ ಯಾವ ಯಾವ ಗಾಡಿ ನಿಂತಿವೆ ಎಂದು ವಿಚಾರಿಸದೆ ಬಿಡುತ್ತಿರಲಿಲ್ಲ. ‘ಬಂದವರನ್ನ ಪೊಲೀಸರಂಗ ಕೇಳಬ್ಯಾಡ್ರಿ. ಚಹಾನರ ಕುಡೀಲಿ’ ಎಂದು ನನ್ನ ಹೆಂಡತಿ ಸುಧಾ ಗದರುತ್ತಿದ್ದಳು.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಹಿರೇಕೆರೂರಿನ ಹೆರಿಗೆ ಆಸ್ಪತ್ರೆಯ ಹಳೆಯ ಡೀಸೆಲ್ ವ್ಯಾನ್ ಬಂದು ನಿಂತಿತು. ಓಡಿಸುತ್ತಿದ್ದವರು ಸವಣೂರಿನ ಇಮಾಮಸಾಬರು, ಐವತ್ತು ದಾಟಿದ ಡ್ರೈವರ್. ವಾರದ ಹಿಂದೆ ಹೆರಿಗೆ ಕಷ್ಟವಾದ ಹೆಂಗಸೊಬ್ಬಳನ್ನು ಹುಬ್ಬಳ್ಳಿಗೆ ಸಾಗಿಸುವಾಗ, ಚಿಕ್ಕೇರೂರಿನ ಹತ್ತಿರ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎಷ್ಟು ತುಳಿದರೂ ಕೆಳಗಿಳಿಯಲಿಲ್ಲ. ಇಮಾಮಸಾಬರು ವ್ಯಾನನ್ನು ಪಕ್ಕದ ಹೊಲಕ್ಕೆ ನುಗ್ಗಿಸಿ ನಿಲ್ಲಿಸಿದ್ದರು. ತಾಯಿ, ಮಗು ಇಬ್ಬರೂ ಉಳಿದಿದ್ದರು.

‘ವಿರೂಪಾಕ್ಷಪ್ಪಾರು ಎಲ್ಲಾ ಬಿಚ್ಚಿ ನೋಡ್ಯಾರ್ರಿ. ಗಾಡ್ಯಾಗ ಏನೂ ಇಲ್ಲಂದ್ರು. ಅದಕ್ಕ ಡಾಕ್ಟರ್ ಬಾಯಾರು, ನಿನ್ನ ಕಾಲಾಗ ಕಸುವು ಉಳಿದಿಲ್ಲ, ಕೀಲಿ ಕೊಟ್ಟು ಮನ್ಯಾಗಿರು ಅಂತಾರ’ ಎಂದರು ಇಮಾಮಸಾಬರು. ‘ಒಂದ್ಸಲ ನಿಮಗ ತೋರಸ್ತೇನಂತ ಬಾಯಾರ ಕಾಲಿಗೆ ಬಿದ್ದು ಗಾಡಿ ತಂದೇನ್ರಿ.’

ಅವರ ಸಂಕಟಕ್ಕಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು, ವಿರೂಪಾಕ್ಷನಿಗೆ ಗೊತ್ತಾಗಿಲ್ಲ ಎನ್ನುವ ಮಾತು. ವ್ಯಾನನ್ನು ಒಳಗೆ ತರಿಸಿದೆ.

ಓದುಗರಿಗೆ ಸ್ವಲ್ಪ ವಿವರಿಸಬೇಕು. ಇಂಥ ವಾಹನದಲ್ಲಿ ಬ್ರೇಕನ್ನು ಕಾಲೊಂದೇ ಒತ್ತುವುದಿಲ್ಲ. ಬೂಸ್ಟರ್ ಎಂಬ ತಗಡಿನ ಡಬ್ಬಿ ನಿರ್ವಾತದ ಬಲದಿಂದ ಕಾಲಿಗೆ ನೆರವಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸಿಗುವುದಿಲ್ಲ, ಅದಕ್ಕೆಂದೇ ವ್ಯಾಕ್ಯೂಮ್ ಪಂಪ್ ಇರುತ್ತದೆ. ಪಂಪಿನಿಂದ ಬೂಸ್ಟರಿಗೆ ಒಂದು ರಬ್ಬರ್ ಪೈಪು. ಈ ಮೂರರಲ್ಲಿ ಯಾವುದು ಕೈಕೊಟ್ಟರೂ ಪೆಡಲ್ ಗಟ್ಟಿ.

ಎಂಜಿನ್ ನಿಲ್ಲಿಸಿ ಪೆಡಲನ್ನು ನಾಲ್ಕಾರು ಸಲ ತುಳಿದೆ. ಕಾಲನ್ನು ಅಲ್ಲೇ ಒತ್ತಿ ಹಿಡಿದು ಎಂಜಿನ್ ಶುರು ಮಾಡಿದೆ. ಪೆಡಲ್ ತುಸು ಕೆಳಗಿಳಿಯಿತು. ಅಂದರೆ ಬೂಸ್ಟರ್ ಸರಿಯಾಗಿದೆ. ಪಂಪಿಗೆ ನಿರ್ವಾತ ಅಳೆಯುವ ಗೇಜ್ ಹಚ್ಚಿದೆ, ಮುಳ್ಳು ಪೂರ್ತಿ ಏರಿತು. ಅದೂ ಸರಿ. ಮಧ್ಯಾಹ್ನದ ಹೊತ್ತಿಗೆ ವಿರೂಪಾಕ್ಷ ಬಂದು ನಿಂತಿದ್ದ ಜಾಗಕ್ಕೇ ನಾನೂ ಬಂದಿದ್ದೆ. ಗಾಡಿಯಲ್ಲಿ ಏನೂ ಇಲ್ಲ.

‘ಹೌದ್ರಿ ಸಾಬರ, ಯಾವಾಗ ಗಟ್ಟಿ ಆಗತದ ಅದು?’ ಎಂದು ಕೇಳಿದೆ.

‘ಮುಂಜಾನೆ ತಂಪಿನ್ಯಾಗ ಏನೂ ಇಲ್ರಿ. ಬಿಸಿಲಾಗ ಮಂದಿ ತುಂಬ್ಕೊಂಡು ಏರು ಹತ್ತಿ ಇಳಿಯೂ ಮುಂದ.’

ಅಕ್ಕಿಆಲೂರಿನಲ್ಲಿ ಪರಿಚಯದ ಗಿರಣಿಯಿಂದ ಅಕ್ಕಿ ಚೀಲ ಹೇರಿಸಿಕೊಂಡು ಉರಿಬಿಸಿಲಿನಲ್ಲಿ ಚಿಕ್ಕೇರೂರಿನ ಕಡೆ ಹೊರಟೆವು. ಸ್ಟೀರಿಂಗ್ ನಾನು ಹಿಡಿದಿದ್ದೆ. ಅದೇ ಇಳಿಜಾರಿನಲ್ಲಿ ಮೊದಲ ಬ್ರೇಕ್ ಹಿಡಿಯಿತು. ಎರಡನೆಯದಕ್ಕೆ ಪೆಡಲ್ ಗೋಡೆಯಾಯಿತು. ನನ್ನ ಕಾಲಿಗೆ ಆಗ ಮೂವತ್ತೆರಡರ ಕಸುವಿತ್ತು, ಏನೂ ಪ್ರಯೋಜನವಾಗಲಿಲ್ಲ. ಗೇರ್ ಇಳಿಸಿ ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಪಕ್ಕದಲ್ಲಿದ್ದ ಇಮಾಮಸಾಬರು ‘ಯಾ ಅಲ್ಲಾ’ ಎಂದರು. ಅವರ ಮುಖದಲ್ಲಿ ಹೆದರಿಕೆಗಿಂತ ನೆಮ್ಮದಿಯೇ ಹೆಚ್ಚಾಗಿತ್ತು.

ಎಂಜಿನ್ ಆರಿಸದೆ ಬಾನೆಟ್ ಎತ್ತಿದೆ. ಪಂಪಿನ ಬಾಯಿಗೆ ಗೇಜ್ ಹಚ್ಚಿದರೆ ಮುಳ್ಳು ಪೂರ್ತಿ ಏರಿತು. ಪೈಪನ್ನು ಮರಳಿ ಜೋಡಿಸಿ ಅದರ ಬೂಸ್ಟರ್ ತುದಿಗೆ ಹಚ್ಚಿದರೆ ಮುಳ್ಳು ಅಲುಗಿ ಅಲ್ಲೇ ನಿಂತಿತು. ಉಳಿದದ್ದು ನಡುವಿನ ಪೈಪು. ಮೇಲೆ ನೋಡಿದರೆ ಹೊಚ್ಚಹೊಸದು, ಒಂದು ಬಿರುಕಿಲ್ಲ. ವಿರೂಪಾಕ್ಷನೇ ಹಾಕಿರಬೇಕು ಎನಿಸಿತು. ಚಾಕುವಿನಿಂದ ಸೀಳಿದಾಗ ಒಳಪದರ ಬಿಟ್ಟುಕೊಂಡು ನಾಲಿಗೆಯಂತೆ ಜೋತಿತ್ತು. ಅದು ನಿರ್ವಾತದ ಸೆಳೆತ ತಾಳುವ ಪೈಪೇ ಅಲ್ಲ. ತಂಪಿನಲ್ಲಿ ಬಿಗಿಯಾಗಿದ್ದು, ಕಾದಾಗ ಮೆತ್ತಗಾಗಿ ಒಳಗೊಳಗೇ ಮುಚ್ಚಿಕೊಳ್ಳುತ್ತಿತ್ತು.

‘ಇದನ್ನ ಯಾರು ಹಾಕಿದ್ರು?’

‘ವಿರೂಪಾಕ್ಷಪ್ಪಾರರಿ. ಹೋದ ತಿಂಗಳ ಬೂಸ್ಟರ್ ಸರಿ ಮಾಡಿದಾಗ.’

ಆ ಸುಡುಬಿಸಿಲಿನಲ್ಲಿ ನನ್ನ ಎದೆ ತಣ್ಣಗಾಯಿತು. ಸರಿಯಾದ ಪೈಪು ತರಿಸಿ ಹಾಕಿ, ಸೀಳಿದ ತುಂಡನ್ನು ಚೀಲಕ್ಕೆ ಸೇರಿಸಿ, ಮರುದಿನ ಅದೇ ವ್ಯಾನಿನಲ್ಲಿ ಶಿಗ್ಗಾಂವಿಗೆ ಹೋದೆ. ಬೇಕೆಂದೇ ಗಿರಾಕಿಗಳು ತುಂಬಿರುವ ಹೊತ್ತು ನೋಡಿ ಹೋಗಿದ್ದೆ.

ವಿರೂಪಾಕ್ಷ ತುಂಡನ್ನು ಕೈಗೆ ತೆಗೆದುಕೊಂಡು ಒಳಗೆ ಬೆರಳಾಡಿಸಿದ. ಮುಖ ಕಪ್ಪಿಟ್ಟಿತು. ನಾನು ಬಾಯಿ ತೆರೆಯುವ ಮೊದಲೇ ತನ್ನ ಕೆಲಸಗಾರರನ್ನು ಕೂಗಿದ. ‘ಎಲ್ಲಾರೂ ಬರ್ರಿ ಇಲ್ಲೆ. ಇದನ್ನ ಹಾಕಿದಾಂವ ನಾನು. ಎರಡನೇ ಸಲ ಗಾಡಿ ಬಂದಾಗ ಎಲ್ಲಾ ನೋಡಿದೆ, ಇದೊಂದು ನೋಡಲಿಲ್ಲ. ಯಾಕಂದ್ರ ಹಾಕಿದಾಂವ ನಾನ ಅಲ್ಲ?’ ಆಮೇಲೆ ನನ್ನ ಕಡೆ ತಿರುಗಿ, ‘ಶ್ರೀಪಾದ, ನಡಿ ಹಿರೇಕೆರೂರಿಗೆ ಹೋಗೂಣು. ಬಾಯಾರಿಗೆ ನಾನ ಹೇಳಬೇಕು’ ಎಂದ.

ನಾನು ಆಡಬೇಕೆಂದುಕೊಂಡಿದ್ದ ಮಾತನ್ನು ಅವನೇ ಆಡಿಬಿಟ್ಟಿದ್ದ. ಅವನ ಗಿರಾಕಿಗಳನ್ನು ಕಂಡಾಗಲೂ ಅಷ್ಟು ಹೊಟ್ಟೆ ಉರಿದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲವನ್ನೂ ಕೇಳಿದರು. ಎದ್ದುಬಂದು ‘ನಿಮ್ಮ ಕಾಲಿನ ಮ್ಯಾಲೆ ಸುಳ್ಳ ಸಂಶೆ ಪಟ್ಟೆ, ಸಾಬರ. ಕೀಲಿ ನಿಮ್ಮ ಹತ್ರನ ಇರಲಿ’ ಎಂದರು. ಇಮಾಮಸಾಬರು ಕೀಲಿಯನ್ನು ಕಣ್ಣಿಗೆ ಒತ್ತಿಕೊಂಡರು. ಬಳಿಕ ಡಾಕ್ಟರ್ ವಿರೂಪಾಕ್ಷನಿಗೆ, ‘ಇನ್ ಮುಂದೂ ವ್ಯಾನ್ ನಿಮ್ಮ ಕಡೇನ ಬರ್ತದ. ತಪ್ಪು ಬಾಯಿಬಿಟ್ಟು ಹೇಳೂ ಮೆಕ್ಯಾನಿಕ್ ಎಲ್ಲಿ ಸಿಗ್ತಾನ?’ ಎಂದರು. ಚಹಾದ ಬಶಿ ಕೈಯಲ್ಲಿ ಹಿಡಿದು ನಾನು ಅಲ್ಲೇ ಕುಳಿತಿದ್ದೆ.

ಅಂದು ಮನೆಗೆ ಬಂದು ಸುಧಾಳ ಮುಂದೆ ಬಹಳ ಕೂಗಾಡಿದೆ. ಸಿಟ್ಟು ಇಳಿದ ಮೇಲೆ ಒಂದು ವಿಷಯ ತಿಳಿಯಿತು. ವಿರೂಪಾಕ್ಷ ನನಗಿಂತ ದಡ್ಡನೇನಲ್ಲ. ತಾನು ಹಾಕಿದ್ದೆಂದು ಅವನು ಆ ಪೈಪನ್ನು ನಂಬಿದ. ನಾನು ಅವನ ಯಾವ ಕೆಲಸವನ್ನೂ ನಂಬಲು ತಯಾರಿರಲಿಲ್ಲ, ಅದಕ್ಕೇ ಹೊಸದಾಗಿ ಕಂಡ ಪೈಪಿಗೂ ಚಾಕು ಹಾಕಿದೆ.

ಕೆಲಸ ಕಲಿಸಿದ ಪಾಠ ಇದು: ಕೆಟ್ಟ ಗಾಡಿಯಲ್ಲಿ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ನಮ್ಮದೇ ಕೈ ಆಡಿದ ಜಾಗವನ್ನು. ಮುಂದೆ ಗ್ಯಾರೇಜು ಮುಚ್ಚುವವರೆಗೂ, ಕೆಲಸ ಮುಗಿಸಿದ ಪ್ರತಿ ಗಾಡಿಯ ಮುಂದೆ ನಿಂತು, ಇದನ್ನು ವಿರೂಪಾಕ್ಷ ಮಾಡಿದ್ದರೆ ನಾನು ಎಲ್ಲಿ ತಪ್ಪು ಹುಡುಕುತ್ತಿದ್ದೆ ಎಂದು ಕೇಳಿಕೊಳ್ಳುತ್ತಿದ್ದೆ. ಆ ಹೊಟ್ಟೆಕಿಚ್ಚು ಪೂರ್ತಿ ಆರಲೇ ಇಲ್ಲ. ಅದಕ್ಕೊಂದು ಕೆಲಸ ಸಿಕ್ಕಿತು, ಅಷ್ಟೆ.